ಅಪ್ಪನ ಎಲ್‌ಪಿಗಳಿಗೆ ಒಂದು ಸ್ಟೀರಿಯೋ: 60 ಸಾವಿರ ಇದೆ, ಮೊದಲು ಏನು ಬದಲಿಸಲಿ?

ಸಪ್ತಾಪುರದವ (ಧಾರವಾಡ)

ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪ ತೀರಿಕೊಂಡು ಎರಡು ವರ್ಷ ಆಯ್ತು. ಅವರು ಬಿಟ್ಟುಹೋದದ್ದರಲ್ಲಿ ನೂರಹತ್ತು ಎಲ್‌ಪಿ, ಒಂದು ಹಾರ್ಮೋನಿಯಂ, ಒಂದು ಟರ್ನ್‌ಟೇಬಲ್ ಇವೆ. ಎಲ್‌ಪಿಗಳಲ್ಲಿ ಮುಕ್ಕಾಲು ಪಾಲು ನಮ್ಮ ಕಡೆಯವರದೇ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು. ಟರ್ನ್‌ಟೇಬಲ್ 1984ರಲ್ಲಿ ಸೋದರಮಾವ ಅಮೆರಿಕದಿಂದ ಹೊತ್ತು ತಂದದ್ದು. ಬೆಲ್ಟ್ ಡ್ರೈವ್. 110 ವೋಲ್ಟಿನದು, ಅದಕ್ಕೆ ಜೊತೆಯಲ್ಲಿ ಇಟ್ಟಿಗೆ ಗಾತ್ರದ ಟ್ರಾನ್ಸ್‌ಫಾರ್ಮರ್ ಬೇರೆ. ಅಪ್ಪ ಒಂದೆರಡು ತಿಂಗಳು ಹಾಕಿ ನೋಡಿ, "ಇದು ಸರಿ ಹಾಡಂಗಿಲ್ಲ" ಅಂದು ಅಟ್ಟಕ್ಕೆ ಏರಿಸಿದರು. ಹಳೆಯ ಪ್ಲೇಯರ್ ಆಗಲೇ ಕೆಟ್ಟಿತ್ತು. ಆಮೇಲೆ ಕೊನೆತನಕ ಕ್ಯಾಸೆಟ್ಟು, ರೇಡಿಯೋ ಇಷ್ಟೇ.

ಹೋದ ವರ್ಷ ನಾನು ಒಂದು ಆಂಪ್ಲಿಫೈಯರ್ ತಗೊಂಡೆ. ಚಾನೆಲ್ಲಿಗೆ 40 ವಾಟ್, ಹಿಂದೆ ಟರ್ನ್‌ಟೇಬಲ್ ಜೋಡಿಸುವ ಫೋನೋ ಸಾಕೆಟ್ ಇದೆ. ಜೊತೆಗೆ ಐದಿಂಚಿನ ಎರಡು ಬುಕ್‌ಶೆಲ್ಫ್ ಸ್ಪೀಕರ್, ಹಿಂದುಗಡೆ ತೂತು ಇರುವಂಥವು. ಅಟ್ಟದಿಂದ ಟರ್ನ್‌ಟೇಬಲ್ ಇಳಿಸಿ ಹೊಸ ಬೆಲ್ಟ್ ಹಾಕಿಸಿದೆ. ಹಾಲು 14 ಅಡಿ ಉದ್ದ, 11 ಅಡಿ ಅಗಲ. ಆರ್‌ಸಿಸಿ ಚಾವಣಿ, ನೆಲಕ್ಕೆ ಟೈಲ್ಸ್. ಸ್ಪೀಕರ್ ಎರಡೂ ಷೋಕೇಸಿನಲ್ಲಿ, ಚನ್ನಪಟ್ಟಣದ ಗೊಂಬೆಗಳ ಅಕ್ಕಪಕ್ಕ.

ತೊಂದರೆ ಏನೆಂದರೆ ಧ್ವನಿಯಲ್ಲಿ ಜೀವ ಇಲ್ಲ. ಎಲ್ಲರೂ ಊಟ ಮಾಡಿ ಮಲಗಿ ಎದ್ದು ಹಾಡಿದ ಹಾಗಿದೆ. ತಬಲಾದ ಡಗ್ಗಾ ಬಿದ್ದಾಗಲೆಲ್ಲ ಷೋಕೇಸಿನ ಗಾಜು ಗುಂಯ್ ಅನ್ನುತ್ತದೆ. ಗಂಗೂಬಾಯಿ ಅವರ ರೆಕಾರ್ಡ್ ಹಾಕಿದಾಗ ಹೆಂಡತಿ ಅಡುಗೆಮನೆಯಿಂದ, "ಯಾರಿದು ಗಂಡಸು, ಛಲೋ ಹಾಡ್ತಾನೆ" ಅಂದಳು. ಗಂಗೂಬಾಯಿ ಧ್ವನಿ ಗಂಡುಧ್ವನಿ ಅಂತ ಊರೆಲ್ಲ ಹೇಳುತ್ತದಲ್ಲ, ಹಾಗಾಗಿ ನಾನೂ ಸುಮ್ಮನಿದ್ದೆ.

ಅಂಗಡಿಯವರೊಬ್ಬರನ್ನು ಕೇಳಿದೆ. "ನಿಮ್ಮ ಆಂಪ್ ಸಾಲುವುದಿಲ್ಲ ಸರ್, 80 ವಾಟಿಂದು ಹಾಕಿ, ಕೇಬಲ್ ಕೂಡ ಬದಲಿಸಿ" ಅಂದರು. ಕೇಬಲ್ಲೇ 14 ಸಾವಿರ. ನನ್ನ ಹತ್ತಿರ ಒಟ್ಟು 60 ಇದೆ. ಸಂಗೀತ ಜ್ಞಾನ ನನಗೆ ಸೊನ್ನೆ, ಕೇಳುವ ಆಸೆ ಮಾತ್ರ ಇದೆ. ಏನು ಮಾಡಲಿ?

ಜಯನಗರ ನಾಲ್ಕನೇ ಬ್ಲಾಕ್

ಸರ್, ನೇರವಾಗಿ ಹೇಳುತ್ತೇನೆ. ನಲವತ್ತು ವರ್ಷದ ಟರ್ನ್‌ಟೇಬಲ್ ಹಿಂದೆ ಬಿದ್ದರೆ ದುಡ್ಡೂ ಹೋಗುತ್ತದೆ, ನೆಮ್ಮದಿಯೂ ಹೋಗುತ್ತದೆ. ಇಂಟರ್ನೆಟ್ಟಿನಿಂದ ಹಾಡು ನುಡಿಸುವ ಒಂದು ಸ್ಟ್ರೀಮರ್ ತಗೊಳ್ಳಿ. ನೀವು ಹೇಳಿದ ನಾಲ್ವರೂ ಅದರಲ್ಲೇ ಸಿಗುತ್ತಾರೆ, ಕರಕರ ಇಲ್ಲದೆ. ಎಲ್‌ಪಿಗಳನ್ನು ಗೋಡೆಗೆ ಹಾಕಿ, ಚೆಂದ ಕಾಣುತ್ತವೆ.

ಕುಡ್ಲದವಳು (ಮಂಗಳೂರು)

ಗೋಡೆಗೆ ಹಾಕುವುದಾ! ಅಪ್ಪನ ರೆಕಾರ್ಡು ಸ್ವಾಮಿ ಅವು.

14 ಸಾವಿರದ ಕೇಬಲ್ ಮಾತ್ರ ಬೇಡ. ನಾನು ಹಾಕಿರುವುದು ಮನೆ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ತಾಮ್ರದ ಮಲ್ಟಿಸ್ಟ್ರಾಂಡ್ ವೈರ್. ಮೂರು ಮೀಟರ್ ಉದ್ದ ಎಳೆದರೆ ಹೋಗಿ ಬರುವ ದಾರಿಯ ರೆಸಿಸ್ಟೆನ್ಸ್ 0.05 ಓಮ್ ಕೂಡ ಬರುವುದಿಲ್ಲ. ಸ್ಪೀಕರ್ 8 ಓಮ್. ಆನೆಯ ಮುಂದೆ ಇರುವೆ.

ರೆಕಾರ್ಡ್ ತೊಳೆದಿದ್ದೀರಾ? ಅಟ್ಟದಲ್ಲಿದ್ದದ್ದು ಅಂದರೆ ಧೂಳು, ಬೂಷ್ಟು ಇದ್ದೇ ಇರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕವರ್ ಒಳಗೂ ಬೆಳ್ಳಗೆ ಹತ್ತಿಕೊಳ್ಳುತ್ತದೆ. ಡಿಸ್ಟಿಲ್ಡ್ ನೀರಿಗೆ ಎರಡೇ ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಮೆತ್ತನೆ ಬ್ರಷ್ಷಿನಿಂದ ಗೆರೆ ಹೋದ ಕಡೆಗೇ ತಿರುಗಿಸಿ, ಅಡ್ಡ ತಿಕ್ಕಬೇಡಿ. ಲೇಬಲ್ ಒದ್ದೆಯಾಗಬಾರದು. ಆಮೇಲೆ ಬರೀ ನೀರಲ್ಲಿ ಇನ್ನೊಂದು ಸಲ. ಅಪ್ಪನ ಗಂಟಿನಲ್ಲಿ 78 ಆರ್‌ಪಿಎಂನ ಹಳೆ ರೆಕಾರ್ಡ್ ಇದ್ದರೆ ಅದಕ್ಕೆ ಸ್ಪಿರಿಟ್ ಗಿಪಿರಿಟ್ ಮುಟ್ಟಿಸಬೇಡಿ. ಅದು ಅರಗಿನದು, ಕರಗಿಹೋಗುತ್ತದೆ. ನಾನು ಒಂದನ್ನು ಹಾಗೆ ಕೊಂದಿದ್ದೇನೆ.

ಹಳೇ ವಾಲ್ವ್ (ಬೆಂಗಳೂರು)

ಯಾರೂ ಏನೂ ಕೊಳ್ಳಬೇಡಿ, ಸ್ವಲ್ಪ ತಡೆಯಿರಿ.

ನನಗೆ ಆ "ಯಾರಿದು ಗಂಡಸು" ಅನ್ನೋ ಮಾತು ಕಿವಿಯಲ್ಲೇ ಉಳಿಯಿತು. ಗಂಗೂಬಾಯಿ ಅವರದು ದಪ್ಪ ಧ್ವನಿ ಹೌದು. ಗಂಟಲಿನ ಆಪರೇಷನ್ ಆದಮೇಲೆ ಹಾಗಾಯಿತು, ಅದಕ್ಕೂ ಮುಂಚಿನ ಹಳೆ ರೆಕಾರ್ಡುಗಳಲ್ಲಿ ಸಣ್ಣ ದನಿಯೇ ಇದೆ. ಆದರೆ ಎಷ್ಟೇ ದಪ್ಪ ಅಂದರೂ ಅಡುಗೆಮನೆಯಲ್ಲಿ ನಿಂತವರಿಗೆ ಗಂಡಸು ಅಂತ ಗ್ಯಾರಂಟಿಯಾಗಿ ಅನ್ನಿಸಬೇಕಾದರೆ ಬೇರೆ ಏನೋ ಇದೆ.

ಎರಡು ಕೆಲಸ ಮಾಡಿ. ಖರ್ಚು ಇಲ್ಲ.

ಟರ್ನ್‌ಟೇಬಲ್ ತಟ್ಟೆಯ ಅಂಚಿಗೆ ಒಂದು ಚೂರು ಬಿಳಿ ಕಾಗದ ಅಂಟಿಸಿ. ಒಂದು ಎಲ್‌ಪಿ ಇಟ್ಟು ಸೂಜಿ ಇಳಿಸಿ, ಅದು ಹಾಡುತ್ತಿರಲಿ. ಮೊಬೈಲಲ್ಲಿ ಮೂರು ನಿಮಿಷ ಟೈಮರ್ ಹಾಕಿ ಸುತ್ತು ಎಣಿಸಿ. ಎಲ್‌ಪಿ ನಿಮಿಷಕ್ಕೆ 33 ಮತ್ತು ಮೂರನೇ ಒಂದು ಸುತ್ತು. ಮೂರು ನಿಮಿಷಕ್ಕೆ ಸರಿಯಾಗಿ ನೂರು ಬರಬೇಕು.

ಎರಡನೇದು, ಅಪ್ಪನ ಹಾರ್ಮೋನಿಯಂ. ಅದೇ ರೆಕಾರ್ಡಿಂಗು ಫೋನಿನಲ್ಲಿ ಸಿಕ್ಕರೆ ಹಾಕಿ ಅದರ ಷಡ್ಜ, ಅಂದರೆ ಸ ಸ್ವರ, ಹಾರ್ಮೋನಿಯಂನ ಯಾವ ಮನೆಯಲ್ಲಿ (ಕೀಲಿಯಲ್ಲಿ) ಇದೆ ನೋಡಿ. ಆಮೇಲೆ ಎಲ್‌ಪಿಯ ಷಡ್ಜ ಹಿಡಿಯಿರಿ. ನಿಮಗೆ ಗೊತ್ತಾಗದಿದ್ದರೆ ಗೊತ್ತಿರುವವರನ್ನು ಕೂರಿಸಿ. ಧಾರವಾಡದಲ್ಲಿ ಅಂಥವರಿಗೇನು ಬರವೇ.

ಸಪ್ತಾಪುರದವ

ಸರ್, ಎಣಿಸಿದೆ. ಮೂರು ಸಲ. 83, 83, 83.

ಹಾರ್ಮೋನಿಯಂಗೆ ಮಗಳನ್ನು ಕೂರಿಸಿದೆ, ಅವಳು ನಾಲ್ಕು ವರ್ಷದಿಂದ ಕಲಿಯುತ್ತಿದ್ದಾಳೆ. ಫೋನಿನದಕ್ಕೂ ಎಲ್‌ಪಿಗೂ ಮೂರು ಮನೆ ವ್ಯತ್ಯಾಸ ಅಂದಳು, ಕರಿ ಬಿಳಿ ಎರಡೂ ಸೇರಿಸಿ. "ಮೂರಕ್ಕಿಂತ ಇನ್ನೂ ಒಂಚೂರು ಕೆಳಗದ, ಯಾವ ಮನೀಗೂ ಕೂಡಂಗಿಲ್ಲ" ಅಂತ ಹಟ ಮಾಡಿದಳು. ಹೊಸ ಬೆಲ್ಟ್ ಸಡಿಲ ಇರಬಹುದೇ?

ಹಳೇ ವಾಲ್ವ್

ಮಗಳ ಕಿವಿಗೆ ನನ್ನ ನಮಸ್ಕಾರ. ಲೆಕ್ಕ ಹಾಕಿದರೆ 3.16 ಮನೆ ಬರುತ್ತದೆ. ಆ "ಒಂಚೂರು" ಇದೆಯಲ್ಲ, ಅದೇ ಈ 0.16.

ಬೆಲ್ಟ್ ಅಲ್ಲ. ಬೆಲ್ಟ್ ಸಡಿಲ ಇದ್ದರೆ ವೇಗ ಒಂದೇ ಸಮ ಇರುವುದಿಲ್ಲ, ತಂಬೂರಿ ಶ್ರುತಿ ಅಲೆ ಅಲೆಯಾಗಿ ಅಲುಗುತ್ತದೆ. ನಮ್ಮ ಸಂಗೀತದಲ್ಲಿ ಅದೊಂದು ಅನುಕೂಲ ನೋಡಿ. ಹಿಂದೆ ತಂಬೂರಿ ಯಾವಾಗಲೂ ನುಡಿಯುತ್ತಿರುತ್ತದೆ, ಟರ್ನ್‌ಟೇಬಲ್ ಕುಂಟಿದರೆ ತಕ್ಷಣ ಅಲ್ಲೇ ಸಿಕ್ಕಿಬೀಳುತ್ತದೆ. ನಿಮ್ಮದು ಮೂರು ಸಲವೂ 83. ಸ್ಥಿರವಾಗಿ ತಪ್ಪು.

ವಿಷಯ ಇಷ್ಟೇ. ಅಮೆರಿಕದ ಕರೆಂಟು 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಆವರ್ತ; ನಮ್ಮದು 50. ಆ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 110ಕ್ಕೆ ಇಳಿಸುತ್ತದೆ, ಹರ್ಟ್ಜ್ ಮುಟ್ಟುವುದಿಲ್ಲ. ಆ ಕಾಲದ ಬೆಲ್ಟ್ ಡ್ರೈವ್‌ಗಳಲ್ಲಿ ಎಷ್ಟೋ ಮಾದರಿಗೆ ಸಿಂಕ್ರೊನಸ್ ಮೋಟರ್ ಇರುತ್ತಿತ್ತು. ಅದು ವೋಲ್ಟೇಜ್ ಕೇಳುವುದಿಲ್ಲ, ಕರೆಂಟಿನ ತಾಳ ಕೇಳುತ್ತದೆ. 16 ಪೋಲಿನ (ಅಯಸ್ಕಾಂತ ಧ್ರುವದ) ಮೋಟರಾದರೆ ಅಲ್ಲಿ ನಿಮಿಷಕ್ಕೆ 450 ಸುತ್ತು, ಇಲ್ಲಿ 375. ಆರಕ್ಕೆ ಐದು. 100ಕ್ಕೆ 83. ನಿಮ್ಮ ಗಂಗೂಬಾಯಿ ನಲವತ್ತು ವರ್ಷದಿಂದ ಆರಕ್ಕೆ ಐದರ ಲೆಕ್ಕದಲ್ಲಿ ಹಾಡುತ್ತಿದ್ದಾರೆ.

ನಿಮ್ಮಪ್ಪ ಅಟ್ಟಕ್ಕೆ ಹಾಕಿದ್ದು ಸರಿಯಾಗಿಯೇ ಕೇಳಿಸಿಕೊಂಡು. ಏಕೆ ಅಂತ ಅವರಿಗೆ ಯಾರೂ ಹೇಳಲಿಲ್ಲ, ಅಷ್ಟೇ.

45 ಸುತ್ತಿನ ರೆಕಾರ್ಡಿಗೆಂದು ಮೋಟರಿನ ಗಾಲಿಯಲ್ಲಿರುವ ಮೆಟ್ಟಿಲಿಗೆ ಬೆಲ್ಟ್ ಹಾಕಿದರೆ ಆಗುವುದಿಲ್ಲವೇ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. 37.5 ಆಗುತ್ತದೆ. ಆಗ ಎಲ್ಲರೂ ಅವಸರದಲ್ಲಿ ಹಾಡುತ್ತಾರೆ.

ಕಾಯಂ ಪರಿಹಾರ ಪುಲ್ಲಿ. ಮೋಟರಿನ ತುದಿಯಲ್ಲಿ ಬೆಲ್ಟ್ ಓಡುವ ಸಣ್ಣ ಗಾಲಿ ಇದೆಯಲ್ಲ, ಅದು. ಅದರ 33ರ ಮೆಟ್ಟಿಲನ್ನು ವರ್ನಿಯರ್ ಕ್ಯಾಲಿಪರ್ಸಿನಲ್ಲಿ ಅಳೆದು ಬರೆಯಿರಿ. ಬೆಲ್ಟಿನ ದಪ್ಪವನ್ನೂ. ಮೋಟರ್ ಮುಟ್ಟಿ ನೋಡಿ, 60 ಹರ್ಟ್ಜ್ ಮೋಟರ್ ನಮ್ಮ ಕರೆಂಟಿನಲ್ಲಿ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಿದ್ದರೆ ನಿಲ್ಲಿಸಿ ಇಲ್ಲಿ ಬರೆಯಿರಿ.

ಎಡಿಸನ್ ಕನ್ನಡಿಗ (ನ್ಯೂಜೆರ್ಸಿ)

ಓದಿ ನಗು ತಡೆಯಲಾಗಲಿಲ್ಲ. ನನ್ನದು ಇದರ ಉಲ್ಟಾ ಕತೆ. ತಾತನ ಪ್ಲೇಯರ್ ತೀರ್ಥಹಳ್ಳಿಯಿಂದ ಇಲ್ಲಿಗೆ ತಂದೆ, ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ಹಾಕಿದೆ. ಭೀಮಸೇನ ಜೋಶಿಯವರು ಆರನೇ ಕ್ಲಾಸಿನ ಹುಡುಗನ ಹಾಗೆ ಹಾಡಿದರು. ಈಗ ಗೊತ್ತಾಯಿತು, 33ರ ಬದಲು 40 ಸುತ್ತುತ್ತಿದೆ. ನಾನೋ ಸೂಜಿ ಕೆಟ್ಟಿದೆ ಅಂತ ಎರಡು ಸಲ ಸೂಜಿ ಬದಲಿಸಿದೆ.

ನಮ್ಮ ಊರಿನ ಮೆನ್ಲೋ ಪಾರ್ಕಿನಲ್ಲೇ 1877ರಲ್ಲಿ ಎಡಿಸನ್ ಫೋನೋಗ್ರಾಫ್ ಮಾಡಿದ್ದು. ಆಗ ಕೈಯಲ್ಲೇ ತಿರುಗಿಸುತ್ತಿದ್ದರು. ಹರ್ಟ್ಜ್ ಗಿರ್ಟ್ಜ್ ತಾಪತ್ರಯ ಇರಲಿಲ್ಲ.

ಸಪ್ತಾಪುರದವ

ಮೋಟರ್ ಬೆಚ್ಚಗಿದೆ ಅಷ್ಟೇ. ಪುಲ್ಲಿ 33ರ ಮೆಟ್ಟಿಲು ಸರಿಯಾಗಿ 10 ಮಿ.ಮೀ., ಬೆಲ್ಟ್ 0.5. ಲಕಮನಹಳ್ಳಿಯಲ್ಲಿ ಒಂದು ಲೇತ್ ಅಂಗಡಿ ಗೊತ್ತು. ಆರಕ್ಕೆ ಐದು ಅಂದರೆ 12 ಮಿ.ಮೀ. ಮಾಡಿಸಲೇ?

ಹಳೇ ವಾಲ್ವ್

12 ಅಲ್ಲ, 12.1. ಬೆಲ್ಟ್ ಪುಲ್ಲಿಯ ಮೇಲೆ ಸುತ್ತಿಕೊಂಡಾಗ ಅದರ ದಪ್ಪದ ಅರ್ಧ ಅರ್ಧ ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ. 10ಕ್ಕೆ 0.5 ಸೇರಿಸಿ, 1.2ರಿಂದ ಗುಣಿಸಿ, ಮತ್ತೆ 0.5 ಕಳೆಯಿರಿ. 12.1. ಈ 0.1 ಬಿಟ್ಟರೆ ಏನು ಮಹಾ ಅನ್ನಬೇಡಿ, ನಿಮ್ಮ ಮನೆಯಲ್ಲಿ ಹಿಡಿಯುವ ಕಿವಿ ಇದೆ.

ಲೇತಿನವರಿಗೆ 12.3 ಅಂತಲೇ ಹೇಳಿ. ಹಿತ್ತಾಳೆಯಲ್ಲಿ ಮಾಡಿಸಿ. ದಪ್ಪ ಆದರೆ ಎಮರಿ ಕಾಗದ ಹಿಡಿದು ಇಳಿಸಬಹುದು, ಸಣ್ಣ ಆದರೆ ಪೇಪರ್‌ವೇಟ್. ತೂತು ಸೆಂಟರಿನಲ್ಲಿ ಇರಲೇಬೇಕು, ಕೂದಲೆಳೆ ಆಚೀಚೆ ಆದರೂ ತಂಬೂರಿ ಅಳುತ್ತದೆ. ಬೆಲ್ಟ್ ಕೂರುವ ಜಾಗ ಮಧ್ಯದಲ್ಲಿ ಚೂರೇ ಚೂರು ಉಬ್ಬಿರಲಿ, ಇಲ್ಲದಿದ್ದರೆ ಬೆಲ್ಟ್ ಜಾರಿ ಕೆಳಗಿಳಿಯುತ್ತದೆ. ಹಳೆಯ ಪುಲ್ಲಿ ಕೈಯಲ್ಲಿ ಕೊಟ್ಟು "ಹಿಂಗೇ ಬೇಕು, ಇಷ್ಟು ದಪ್ಪ" ಅನ್ನಿ. ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಅದು ಆಗುವ ತನಕ ಷೋಕೇಸು. ಸ್ಪೀಕರ್ ಹಿಂದಿನ ತೂತು ಪೆಟ್ಟಿಗೆಯ ಮಂದ್ರವನ್ನು ಹೊರಗೆ ಬಿಡುವುದಕ್ಕೆ ಇರುವುದು. ನೀವು ಅದನ್ನು ಇನ್ನೊಂದು ಪೆಟ್ಟಿಗೆಯಲ್ಲಿ ಇಟ್ಟು, ಮುಂದೆ ಗಾಜು, ಪಕ್ಕದಲ್ಲಿ ಗೊಂಬೆ ಇಟ್ಟಿದ್ದೀರಿ. ಸ್ಪೀಕರ್ ಜೊತೆ ಇಡೀ ಷೋಕೇಸು ಹಾಡುತ್ತಿದೆ. ಹೊರಗೆ ತೆಗೆಯಿರಿ. ಸ್ಟ್ಯಾಂಡಿಗೆ ದುಡ್ಡು ಹಾಕಬೇಡಿ. ಕಟ್ಟಡದ ಸಾಲಿಡ್ ಬ್ಲಾಕ್, 16 ಇಂಚು 8 ಇಂಚಿನದು, ನಾಲ್ಕು ತನ್ನಿ. ಪ್ರತಿ ಕಡೆ ಒಂದು ನಿಲ್ಲಿಸಿ, ಮೇಲೆ ಒಂದು ಮಲಗಿಸಿ. ಎರಡು ಅಡಿ ಎತ್ತರ ಆಯಿತು, ಕೂತಾಗ ಟ್ವೀಟರ್ (ತಾರ ಸ್ವರ ನುಡಿಸುವ ಸಣ್ಣ ಸ್ಪೀಕರ್) ಕಿವಿಯ ಹತ್ತಿರಕ್ಕೆ ಬರುತ್ತದೆ. ಹಿಂದಿನ ಗೋಡೆಯಿಂದ ಒಂದೂವರೆ ಅಡಿ ಮುಂದೆ, ಎರಡರ ನಡುವೆ ಆರೂವರೆ ಅಡಿ.

ನೀವು ಕೂರುವ ದಿವಾನ್ ಗೋಡೆಗೆ ತಾಗಿದ್ದರೆ ಅದನ್ನೂ ಎರಡಡಿ ಎಳೆಯಿರಿ. 14 ಅಡಿ ಉದ್ದದ ಕೋಣೆ 40 ಹರ್ಟ್ಜ್ ಹತ್ತಿರದ ಸ್ವರವನ್ನು ತಾನಾಗಿ ಉಬ್ಬಿಸುತ್ತದೆ, 11 ಅಡಿಯದು 51ರ ಹತ್ತಿರದ್ದನ್ನು. ಆ ಉಬ್ಬು ಗೋಡೆಯ ಬುಡದಲ್ಲೇ ಜಾಸ್ತಿ. ದೊಡ್ಡ ಆಂಪ್ ಹಾಕಿದರೆ ಅದೇ ಉಬ್ಬು ಇನ್ನೂ ಜೋರಾಗುತ್ತದೆ ಅಷ್ಟೇ. ಅದೂ ಎಷ್ಟು ಜೋರು? 40ರಿಂದ 80 ವಾಟ್‌ಗೆ ಹೋದರೆ ಸಿಗುವುದು 3 ಡೆಸಿಬೆಲ್. ವಾಲ್ಯೂಮ್ ಗುಬ್ಬಿ ಚೂರು ತಿರುಗಿಸಿದಷ್ಟು. ಮನೆಯಲ್ಲಿ ಖಯಾಲ್ ಕೇಳುವಾಗ ಬಹುತೇಕ ಸಮಯ ಒಂದೆರಡು ವಾಟ್ ಕೂಡ ಖರ್ಚಾಗುವುದಿಲ್ಲ.

ಕುಡ್ಲದವಳು

ಹಾಲಿನ ಮಧ್ಯೆ ಸಿಮೆಂಟ್ ಬ್ಲಾಕ್! ಮನೆಯವರು ಒಪ್ಪುತ್ತಾರಾ ಅಂತ ಮೊದಲು ಕೇಳಿ ಮಾರಾಯ್ರೇ. ನಮ್ಮಲ್ಲಿ ಕಡಪ ಕಲ್ಲಿನ ಚಪ್ಪಡಿ ಹಾಕಿದ ಮೇಲೆಯೇ ಅನುಮತಿ ಸಿಕ್ಕಿದ್ದು. ಹಾಲಿನ ಮಧ್ಯ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಟಣ್ ಅಂತ ಬಾಲ ಎಳೆದರೆ ನೆಲಕ್ಕೆ ಏನಾದರೂ ಹಾಸಬೇಕು.

ಸಪ್ತಾಪುರದವ

ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಲೇತಿನವರು ಮದುವೆಗೆ ಹೋಗಿದ್ದರು.

ಪುಲ್ಲಿ ಬಂತು. 350 ರೂಪಾಯಿ ತಗೊಂಡರು, "ಇಷ್ಟು ಸಣ್ಣ ಕೆಲಸಕ್ಕೆ ಮಷೀನ್ ಚಾಲೂ ಮಾಡಬೇಕಾತು" ಅಂತ ಬೈದರು. ಹಾಕಿ ಎಣಿಸಿದೆ. ನೂರೊಂದೂವರೆ. ಆಮೇಲೆ ಎರಡು ಸಂಜೆ ಎಮರಿ ಕಾಗದದ ಕೆಲಸ. ಪುಲ್ಲಿಯನ್ನು ಮೋಟರಿಗೇ ಹಾಕಿ, ತಿರುಗುವಾಗ ಕಾಗದ ಮೆಲ್ಲಗೆ ಮುಟ್ಟಿಸುವುದು, ಒರೆಸುವುದು, ಬೆಲ್ಟ್ ಹಾಕುವುದು, ಮೂರು ನಿಮಿಷ ಎಣಿಸುವುದು. 101. 101ಕ್ಕೆ ಸ್ವಲ್ಪ ಕಮ್ಮಿ. ಮಗಳು ಹಾರ್ಮೋನಿಯಂ ಮೇಲೆ ಒಂದೇ ಮನೆ ಒತ್ತಿಕೊಂಡು ಕೂತಿದ್ದಳು, ಫೋನಿನಲ್ಲಿ ಸಿಕ್ಕಿತ್ತಲ್ಲ ಆ ಮನೆ. ಎಂಟನೇ ಸಲಕ್ಕೋ ಒಂಬತ್ತನೇ ಸಲಕ್ಕೋ ತಂಬೂರಿ ಬಂದು ಆ ಸ್ವರದ ಒಳಗೆ ಕೂತಿತು. ಅವಳು ಕೈ ತೆಗೆದಳು. ಎಣಿಸಿದರೆ ನೂರು.

ಅದೇ ಗಂಗೂಬಾಯಿ ರೆಕಾರ್ಡ್ ಹಾಕಿದೆ. ದಪ್ಪ ಧ್ವನಿಯೇ, ಆದರೆ ಅದರೊಳಗೆ ಒಂದು ಖಾರ ಇದೆ. ತಾನ ತಗೊಂಡಾಗ ಕುರ್ಚಿಯಲ್ಲಿ ನೆಟ್ಟಗೆ ಕೂರುವ ಹಾಗಾಗುತ್ತದೆ. ಹೆಂಡತಿ ಬಾಗಿಲಿಗೆ ಬಂದು, "ಇದು ಬ್ಯಾರೆ ರೆಕಾರ್ಡ್ ಏನು?" ಅಂದಳು. ಅಮ್ಮ ಮಾತ್ರ ಒಳಗಿನಿಂದ, "ಅವರು ಇದನ್ನs ಹಾಡಿಕೋತ ಸ್ನಾನ ಮಾಡ್ತಿದ್ರು" ಅಂದರು. ಅಷ್ಟು ವರ್ಷದಲ್ಲಿ ಅಪ್ಪ ಹಾಡುತ್ತಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಹಾಸ್ಟೆಲಿನಲ್ಲಿದ್ದೆ.

ಬ್ಲಾಕ್ ನಾಲ್ಕೂ ಬಂದವು. ಹೆಂಡತಿ ಎರಡು ದಿನ ಮಾತಾಡಲಿಲ್ಲ, ಆಮೇಲೆ ಇಳಕಲ್ ಸೀರೆಯ ಹಳೆ ಸೆರಗು ಸುತ್ತಿ ಅವಕ್ಕೆ ಮಾನ ಕೊಟ್ಟಳು. ಗಾಜಿನ ಗುಂಯ್ ನಿಂತಿದೆ. ಡಗ್ಗಾ ಈಗ ಕೈಯಿಂದ ಹೊಡೆದ ಹಾಗೆ ಕೇಳುತ್ತದೆ. ಚಪ್ಪಾಳೆ ತಟ್ಟಿದರೆ ಟಣ್ ಅನ್ನುವುದು ಇನ್ನೂ ಇದೆ. ಮನೆಯಲ್ಲಿ ನವಲಗುಂದದ ಜಮಖಾನೆ ಇದೆ, ಅದನ್ನು ಹಾಸಿದರೆ ಸಾಕೇ? 60 ಸಾವಿರ ಹಾಗೇ ಉಳಿದಿದೆ. ಅದನ್ನು ಏನು ಮಾಡಲಿ?

ಹಳೇ ವಾಲ್ವ್

ಜಮಖಾನೆ ಹಾಸಿ, ಚೆಂದಕ್ಕೂ ಆಗುತ್ತದೆ. ಆದರೆ ಅದು ತೆಳ್ಳಗಿನ ಹತ್ತಿ, ಹೀರುವುದು ಬರೀ ಮೇಲಿನ ಸ್ವರಗಳನ್ನು, ಅದೂ ಅಷ್ಟಕ್ಕಷ್ಟೆ. ಅದರ ಕೆಳಗೆ ಎರಡು ಕುರಿ ಕಂಬಳಿ ಮಡಿಸಿ ಹಾಕಿ. ಕಿಟಕಿಗೆ ದಪ್ಪ ಪರದೆ. ಒಂದು ಗೋಡೆಗೆ ಪುಸ್ತಕದ ಕಪಾಟು, ಪುಸ್ತಕ ಒಂದೇ ಸಮ ಜೋಡಿಸದೆ ಹಿಂದೆ ಮುಂದೆ ಇಡಿ.

ದುಡ್ಡು ಹಾಕುವುದಾದರೆ ಮೊದಲು ಸೂಜಿಗೆ. ಅದರ ಒಳಗಿನ ರಬ್ಬರು 1984ರದು, ಕಲ್ಲಾಗಿರುತ್ತದೆ. ಅದರಲ್ಲಿ ಅಪ್ಪನ ರೆಕಾರ್ಡ್ ಇನ್ನು ಹಾಕಬೇಡಿ. ಆಡಿಯೋ ಟೆಕ್ನಿಕಾದ ವಿಎಂ95ಇ ಕಾರ್ಟ್ರಿಜ್ (ಸೂಜಿ ಕೂರುವ ಪುಟ್ಟ ಪೆಟ್ಟಿಗೆ, ಸೂಜಿ ಸಮೇತ) ಹಾಕಿಸಿ, ನಿಮ್ಮ ಆಂಪ್ ಫೋನೋ ಸಾಕೆಟ್ಟಿಗೆ ಸರಿಹೋಗುತ್ತದೆ. ಭಾರ 2 ಗ್ರಾಂ ಇಡಬೇಕು. ಅಂದಾಜಿನಲ್ಲಿ ಇಡಬೇಡಿ, ಬಂಗಾರ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ಸಿಗುತ್ತದೆ, ಅದರಲ್ಲಿ ತೂಗಿ. ಹಗುರ ಇಟ್ಟರೆ ರೆಕಾರ್ಡ್ ಉಳಿಯುತ್ತದೆ ಅಂತ ಸುಮಾರು ಜನ ತಿಳಿದಿದ್ದಾರೆ. ಹಗುರಾದರೆ ಸೂಜಿ ಗೆರೆಯಲ್ಲಿ ಕುಣಿದು ಗೋಡೆ ಕೆರೆಯುತ್ತದೆ, ಅದೇ ಹೆಚ್ಚು ಹಾಳು. 78ರ ರೆಕಾರ್ಡ್ ಇದ್ದರೆ ಇದೇ ಸೂಜಿ ಹಾಕಬೇಡಿ, ಅವುಗಳ ಗೆರೆ ತುಂಬ ಅಗಲ, ಬೇರೆ ಸೂಜಿ ಬೇಕು.

ಉಳಿದದ್ದನ್ನು ಆರು ತಿಂಗಳು ಮುಟ್ಟಬೇಡಿ. ನೂರಹತ್ತು ಎಲ್‌ಪಿ ಒಂದು ಸುತ್ತು ಕೇಳಿ ಮುಗಿಸಿ. ಆಮೇಲೂ ಏನೋ ಕೊರತೆ ಅನ್ನಿಸಿದರೆ ಸ್ಪೀಕರ್ ಬದಲಿಸೋಣ, ಆಂಪ್ ಅಲ್ಲ.

ಜಯನಗರ ನಾಲ್ಕನೇ ಬ್ಲಾಕ್

ಗೋಡೆಗೆ ಹಾಕಿ ಅಂದದ್ದು ವಾಪಸ್ ತಗೊಂಡೆ. ಸ್ಟ್ರೀಮರ್ ಮಾತು ಮಾತ್ರ ಹಾಗೇ ಇರಲಿ, ಷಡ್ಜ ತಾಳೆ ನೋಡಲು ಫೋನೇ ಬೇಕಾಯಿತಲ್ಲ!

ಎಡಿಸನ್ ಕನ್ನಡಿಗ

ಸಪ್ತಾಪುರದವರೇ, ನಿಮ್ಮ ಹಳೆಯ 10 ಮಿ.ಮೀ. ಪುಲ್ಲಿ ಈಗ ಸುಮ್ನೆ ಬಿದ್ದಿದೆ ಅಲ್ವಾ? ನನ್ನದರ ಮೇಲೆ 12 ಇದೆ. ಡಿಸೆಂಬರಿನಲ್ಲಿ ಹುಬ್ಬಳ್ಳಿಗೆ ಬರುತ್ತೇನೆ, ಇಸ್ಕೊಳ್ಳಲಾ?

ಹಳೇ ವಾಲ್ವ್

ಮೊದಲು ನಿಮ್ಮ ಮೋಟರಿನ ಶಾಫ್ಟ್ ಅಳತೆ ಬರೆಯಿರಿ. ಬೆಲ್ಟಿನ ದಪ್ಪವನ್ನೂ.